ಜೂನ್ 1ರ ಮುತ್ತು

ಜೂನ್ 1 ಬಂತೆಂದರೆ ನಮ್ಮ ಮನೆಯಲ್ಲಿ ಮೂವರ ಹುಟ್ಟುಹಬ್ಬ. ಅಪ್ಪ, ಅವ್ವ, ದೊಡ್ಡಪ್ಪ. ಹಳ್ಳಿಯಿಂದ ಬಂದ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು ಎಂದು ಲೆಕ್ಕ. ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಅಲ್ಲಿಂದ ಅದು ಮಾರ್ಕ್ಸ್ ಕಾರ್ಡಿಗೆ, ರೇಷನ್ ಕಾರ್ಡಿಗೆ, ಕೊನೆಗೆ ಆಧಾರಿಗೆ ನಡೆದು ಬಂತು. ಅವ್ವ ನಿಜವಾಗಿ ಹುಟ್ಟಿದ್ದು ಅವರೆಕಾಯಿ ಕಾಲದಲ್ಲಿ ಎಂದು ಅಜ್ಜಿ ಹೇಳುತ್ತಿದ್ದಳು. "ಸೊಗಡವರೆ ಬಿಡಿಸ್ತಾ ಕೂತಿದ್ದೆ, ನೋವು ಬಂತು." ಇರುವ ದಾಖಲೆ ಅಷ್ಟೇ. ಡಿಸೆಂಬರ್ ಇರಬಹುದು, ಜನವರಿ ಇರಬಹುದು. ತುಮಕೂರು ಸೀಮೆಯ ಆ ಹೊಲದಲ್ಲಿ ಅದಕ್ಕಿಂತ ಹೆಚ್ಚಿನ ನಿಖರತೆ ಯಾರಿಗೂ ಬೇಕಿರಲಿಲ್ಲ.

ಮೂರು ವರ್ಷದ ಹಿಂದೆ ತಮ್ಮನಿಗೆ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅವ್ವನಿಗೊಂದು ಬೆಳ್ಳಿ ಉಂಗುರ ತಂದ. ನಡುವೆ ಸಣ್ಣದೊಂದು ಮುತ್ತು. ಡಬ್ಬಿಯೊಳಗೆ ಇಂಗ್ಲಿಷಿನ ಚೀಟಿ. ಜೂನ್ ತಿಂಗಳಲ್ಲಿ ಹುಟ್ಟಿದವರ ರತ್ನ ಮುತ್ತು, ಹೂವು ಗುಲಾಬಿ. ಮುತ್ತೆಂದರೆ ಪರಿಶುದ್ಧತೆ, ತಾಳ್ಮೆ ಎಂದೆಲ್ಲ ಅದರಲ್ಲಿತ್ತು. ಅವ್ವ ನನ್ನಿಂದ ಅದನ್ನು ಎರಡು ಸಲ ಓದಿಸಿಕೊಂಡಳು. "ತಾಳ್ಮೆ ಅಂತೆ" ಎಂದು ಅಪ್ಪನಿಗೆ ಕೇಳಿಸುವಂತೆ ಹೇಳಿ, ಚೀಟಿಯನ್ನು ಮಡಚಿ ಕುಂಕುಮದ ಬಟ್ಟಲಿನ ಪಕ್ಕ ಇಟ್ಟಳು.

ಆಗ ನಾನು ಪಿಎಚ್.ಡಿ.ಯ ಎರಡನೇ ವರ್ಷದಲ್ಲಿದ್ದೆ. ಸಂಕೇತಗಳ ಬಗ್ಗೆ ಓದುವವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಏನು ಕಂಡರೂ ಅದು ಎಲ್ಲಿಂದ ಬಂತು ಎಂದು ಕೆದಕುವುದು. ನಾನೂ ಕೆದಕಿದೆ, ಒಂದು ಸಂಜೆ ಅವ್ವನಿಗೆ ಹೇಳಿಯೂ ಬಿಟ್ಟೆ. ನೀನು ಜೂನಿನಲ್ಲಿ ಹುಟ್ಟೇ ಇಲ್ಲ, ಅದು ಮೇಷ್ಟ್ರು ಬರೆದದ್ದು. ಜೂನಿಗೆ ಮುತ್ತು ಅಂತ ಬರೆದದ್ದು ಅಮೆರಿಕದ ಒಡವೆ ವ್ಯಾಪಾರಿಗಳು. ಅವ್ವ ಏನೂ ಅನ್ನಲಿಲ್ಲ. ಮಾರನೆಯ ದಿನ ಅವಳ ಬೆರಳಲ್ಲಿ ಉಂಗುರವಿರಲಿಲ್ಲ.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಿಂಗಳಿಗೊಂದು ರತ್ನ ಎಂಬ ಕಲ್ಪನೆಯ ಬೇರು ಹಳೆಯದು ನಿಜ. ಬೈಬಲಿನ ವಿಮೋಚನಕಾಂಡದಲ್ಲಿ ಮಹಾಯಾಜಕ ಆರೋನನ ಎದೆಪದಕಕ್ಕೆ ಹನ್ನೆರಡು ಕಲ್ಲುಗಳಿವೆ, ಇಸ್ರೇಲಿನ ಹನ್ನೆರಡು ಕುಲಗಳಿಗೆ ಒಂದೊಂದರಂತೆ. ಕ್ರಿ.ಶ. ಮೊದಲ ಶತಮಾನದ ಇತಿಹಾಸಕಾರ ಜೋಸೆಫಸ್ ಆ ಹನ್ನೆರಡನ್ನು ತಿಂಗಳುಗಳಿಗೂ ರಾಶಿಚಕ್ರಕ್ಕೂ ಹೋಲಿಸಿದ. ಆದರೆ ತಾನು ಹುಟ್ಟಿದ ತಿಂಗಳಿನ ಕಲ್ಲನ್ನೇ ಧರಿಸುವ ರೂಢಿ ತೀರ ಈಚಿನದು. ಟಿಫನಿ ಕಂಪನಿಯ ರತ್ನತಜ್ಞನಾಗಿದ್ದ ಜಾರ್ಜ್ ಫ್ರೆಡರಿಕ್ ಕುಂಜ್ 1913ರಲ್ಲಿ ಬರೆದ ಪುಸ್ತಕದಲ್ಲಿ ಇದು 18ನೇ ಶತಮಾನದ ಪೋಲೆಂಡಿನಲ್ಲಿ ಶುರುವಾಗಿರಬೇಕು ಎನ್ನುತ್ತಾನೆ. ಅದಕ್ಕೆ ಒಂದು ವರ್ಷ ಮುಂಚೆ, 1912ರಲ್ಲಿ, ಅಮೆರಿಕದ ಒಡವೆ ವ್ಯಾಪಾರಿಗಳ ಸಂಘ ಸಭೆ ಸೇರಿ ಪಟ್ಟಿಯನ್ನು ಒಂದೇ ರೂಪಕ್ಕೆ ತಂದಿತ್ತು. 1952ರಲ್ಲಿ ಅದಕ್ಕೆ ತಿದ್ದುಪಡಿ: ಜೂನಿಗೆ ಅಲೆಕ್ಸಾಂಡ್ರೈಟ್ ಸೇರಿತು, ಡಿಸೆಂಬರಿನ ಲ್ಯಾಪಿಸ್ ಲಜುಲಿಯನ್ನು ತೆಗೆದು ಜಿರ್ಕಾನ್ ಹಾಕಿದರು. 2002ರಲ್ಲಿ ಅದೇ ಡಿಸೆಂಬರಿಗೆ ಟಾಂಜನೈಟ್ ಬಂತು, 2016ರಲ್ಲಿ ಆಗಸ್ಟಿಗೆ ಸ್ಪಿನೆಲ್. ಟಾಂಜನೈಟ್ ಸಿಕ್ಕಿದ್ದೇ 1967ರಲ್ಲಿ, ಟಾಂಜಾನಿಯಾದ ಮೆರೆಲಾನಿ ಬೆಟ್ಟಗಳಲ್ಲಿ. ಹೆಸರಿಟ್ಟು ಮಾರುಕಟ್ಟೆಗೆ ತಂದದ್ದು ಟಿಫನಿ ಕಂಪನಿ. ನಮ್ಮ ಅಜ್ಜಿಗಿಂತ ಚಿಕ್ಕ ವಯಸ್ಸಿನ ಈ ಕಲ್ಲಿಗೂ ಈಗ ಅಂಗಡಿಗಳಲ್ಲಿ ಯಾವುದೋ ಪುರಾತನ ಗಾಂಭೀರ್ಯದ ಅರ್ಥಗಳಿವೆ.

ಹೂವಿನ ಕಥೆ ಇಷ್ಟು ಒರಟಲ್ಲ. 1819ರಲ್ಲಿ ಪ್ಯಾರಿಸಿನಲ್ಲಿ ಷಾರ್ಲಟ್ ದ ಲಾತೂರ್ ಎಂಬ ಕಾವ್ಯನಾಮದಲ್ಲಿ ಹೂಭಾಷೆಯ ಪುಸ್ತಕವೊಂದು ಬಂತು. 1884ರಲ್ಲಿ ಇಂಗ್ಲೆಂಡಿನಲ್ಲಿ ಕೇಟ್ ಗ್ರೀನವೇ ಚಿತ್ರಗಳ ಪುಸ್ತಕ. ಬಾಯಿಬಿಟ್ಟು ಹೇಳಲಾಗದ್ದನ್ನು ಹೂವು ಕಳಿಸಿ ಹೇಳುವವರಿಗೆ ಇವು ನಿಘಂಟುಗಳು. ಜನವರಿಯ ಹೂಗಳಲ್ಲಿ ಒಂದಾದ ಸ್ನೋಡ್ರಾಪ್ ಹಿಮದ ನಡುವಿನಿಂದ ತಲೆ ಎತ್ತುತ್ತದೆ, ಹಾಗಾಗಿ ಅದು ಭರವಸೆಯ ಗುರುತು. ಇಂಗ್ಲೆಂಡಿನ ಚಳಿಗಾಲ ಕಂಡವರಿಗೆ ಈ ಅರ್ಥವನ್ನು ಪುಸ್ತಕ ಕಲಿಸಬೇಕಿಲ್ಲ, ಕಿಟಕಿ ತೆಗೆದರೆ ಸಾಕು. ನಮ್ಮ ಕಡೆ ಜನವರಿಯೆಂದರೆ ಹೂ ಉದುರಿ ಕಾಯಿ ಬಲಿತ ಅವರೆ, ಕೊಯ್ದ ರಾಗಿ. ಕಾಲವನ್ನು ನಾವು ಅಳೆದದ್ದು ಆರಿದ್ರಾ ಮಳೆ, ಮಘೆ ಮಳೆ ಎಂದು. ಸ್ನೋಡ್ರಾಪಿನ ಭರವಸೆ ಇಲ್ಲಿಗೆ ಬರುವ ಹೊತ್ತಿಗೆ ಹಿಮವೂ ಇಲ್ಲ, ಹೂವೂ ಇಲ್ಲ, ಬರೀ ಚೀಟಿ ಉಳಿದಿರುತ್ತದೆ.

ಇಲ್ಲಿಯ ತನಕ ನನ್ನ ವಾದ ಗಟ್ಟಿಯಾಗಿಯೇ ಇತ್ತು. ಆದರೆ ಅದೇ ಪಟ್ಟಿಯ ಅಕ್ಟೋಬರಿಗೆ ಬಂದಾಗ ತೊಡಕಾಯಿತು. ಅಕ್ಟೋಬರಿನ ಹೂವು ಮಾರಿಗೋಲ್ಡ್. ಪಟ್ಟಿ ಮಾಡಿದವರ ಮನಸ್ಸಿನಲ್ಲಿದ್ದದ್ದು ಯುರೋಪಿನ ಕ್ಯಾಲೆಂಡುಲ; ನಾವು ಅದನ್ನು ಓದಿ ನಮ್ಮ ಚೆಂಡುಹೂವು ಎಂದುಕೊಳ್ಳುತ್ತೇವೆ. ಚೆಂಡುಹೂವು ಬೇರೆಯೇ ಗಿಡ, ಅದೂ ನಮ್ಮದಲ್ಲ. ಮೆಕ್ಸಿಕೋದ ಮೂಲದ್ದು, ಕಡಲು ದಾಟಿ ಬಂದದ್ದು. ಮೆಕ್ಸಿಕೋದಲ್ಲಿ ನವೆಂಬರಿನ ಮೊದಲ ಎರಡು ದಿನ ಸತ್ತವರು ಮನೆಗೆ ಬರುತ್ತಾರೆಂದು ಇದೇ ಹೂವಿನ ಎಸಳುಗಳನ್ನು ದಾರಿಗೆ ಚೆಲ್ಲುತ್ತಾರೆ. ನಾವು ಆಯುಧಪೂಜೆಗೆ ಟ್ರ್ಯಾಕ್ಟರಿಗೂ ಬಸ್ಸಿಗೂ ಕಟ್ಟುತ್ತೇವೆ. ಚೆಂಡುಹೂವಿಲ್ಲದ ದಸರಾವನ್ನು ಕಲ್ಪಿಸಿಕೊಳ್ಳಿ ನೋಡೋಣ. ನವೆಂಬರಿನ ಸೇವಂತಿಗೆಯದೂ ಹೀಗೆಯೇ: ಫ್ರಾನ್ಸಿನಲ್ಲಿ ಅದು ಸಮಾಧಿಯ ಮೇಲಿಡುವ ಹೂವು, ಯಾರ ಮನೆಗಾದರೂ ಊಟಕ್ಕೆ ಹೋಗುವಾಗ ಒಯ್ದರೆ ಮುಜುಗರ, ಜಪಾನಿನಲ್ಲಿ ಚಕ್ರವರ್ತಿಯ ಮುದ್ರೆ, ನಮ್ಮಲ್ಲಿ ಮೊಳಕ್ಕಿಷ್ಟು ಎಂದು ಕೊಂಡು ಮುಡಿಯುವ ಹೂವು. ಇವುಗಳಲ್ಲಿ ಯಾವ ಅರ್ಥ ನಿಜ ಎಂದು ಕೇಳುವುದೇ ಅಸಂಬದ್ಧ. ಮೂಲದಿಂದ ಅರ್ಥ ಹುಟ್ಟುವುದಾದರೆ ನಮ್ಮ ದಸರಾದ ಚೆಂಡುಹೂವು ಪರದೇಶಿ.

ಒಂದು ಮಾತಿನ ಹುಟ್ಟನ್ನು ತೋರಿಸಿ ಅದರ ಬೆಲೆ ಅಳೆಯುವುದು ತರ್ಕದೋಷ ಎಂದು ತತ್ವಶಾಸ್ತ್ರದವರು ಹೇಳುತ್ತಾರೆ. ಅಷ್ಟು ಹೇಳಿ ಪಾರಾಗಬಹುದಿತ್ತು. ಆದರೆ ಸಂಕೇತಗಳ ವಿಷಯದಲ್ಲಿ ಹುಟ್ಟು ಕೆಲವೊಮ್ಮೆ ಮುಖ್ಯವೇ. ಅಜ್ಜಿಯದೆಂದು ಕಾಪಾಡಿಕೊಂಡು ಬಂದ ಸರವನ್ನು ಯಾರೋ ಕಳೆದುಹಾಕಿ, ಹೇಳದೆ ಅಂಥದ್ದೇ ಇನ್ನೊಂದನ್ನು ಮಾಡಿಸಿಟ್ಟಿದ್ದರೆಂದು ತಿಳಿದರೆ ನನಗೆ ನೋವಾಗುತ್ತದೆ. ಚಿನ್ನ ಅಷ್ಟೇ ಇರುತ್ತದೆ, ತೂಕವೂ ಅಷ್ಟೇ. ಆದರೂ ಏನೋ ಹೋಗಿರುತ್ತದೆ. ಹಾಗಾದರೆ ಹುಟ್ಟು ಮುಖ್ಯವೇ ಅಲ್ಲವೇ ಎಂಬುದಲ್ಲ ಪ್ರಶ್ನೆ, ಯಾವ ಹುಟ್ಟು ಎಂಬುದು.

ಇದನ್ನು ನನಗೆ ಹೇಳಿಕೊಟ್ಟದ್ದು ಪುಸ್ತಕವಲ್ಲ. ಗೌರಿ ಹಬ್ಬಕ್ಕೆ ಊರಿಗೆ ಬಂದ ತಮ್ಮ, "ಉಂಗುರ ಎಲ್ಲವ್ವಾ?" ಎಂದ. ನಾನು ತಟ್ಟೆ ನೋಡುತ್ತಾ ಕೂತೆ. "ಹಿಟ್ಟು ಕಲಸೋವಾಗ ಮುತ್ತು ಉದುರೋಗ್ತದೆ ಅಂತ ತೆಗ್ದಿಟ್ಟಿದೀನಿ ಕಣಪ್ಪ" ಎಂದಳು ಅವ್ವ. ನನ್ನ ನಿಜವನ್ನು ಮುಚ್ಚಲು ಅವಳೊಂದು ಸುಳ್ಳು ಹೇಳಬೇಕಾಯಿತು. ಸಂಜೆ ಉಂಗುರ ಬೆರಳಿಗೆ ಬಂತು. ರಾತ್ರಿ ಪಾತ್ರೆ ತೊಳೆಯುವಾಗ, ನಾನು ಅಂದಿದ್ದಕ್ಕೆ ಬೇಜಾರಾಯ್ತಾ ಎಂದು ಕೇಳಿದೆ. "ಅವನು ಕೊಡ್ಸಿದ್ದು ಕಣೆ, ಜೂನ್ ಕೊಡ್ಸಿದ್ದಲ್ಲ" ಎಂದಳು. ಮತ್ತೆ ಯಾಕೆ ತೆಗೆದಿದ್ದೆ ಎಂದರೆ, "ನೀನು ನೋಡಿದಾಗೆಲ್ಲ ನಗಾಡ್ತೀಯ ಅನ್ಸ್ತು."

ಅಂದರೆ ಅವ್ವನ ನಂಬಿಕೆ ಮುರಿದಿರಲೇ ಇಲ್ಲ. ಅವಳು ಉಂಗುರ ತೆಗೆದದ್ದು ನನ್ನ ಕಣ್ಣಿಗೆ ಹೆದರಿ. ನಾನು 1912ರ ಕಥೆ ಹೇಳಿದ್ದು ಅವಳಿಗೆ ತಿಳಿಯಲಿ ಎಂದಲ್ಲ, ನನಗೆ ತಿಳಿದಿದೆ ಎಂದು ತೋರಿಸಲು. ಊರು ಬಿಟ್ಟು ಓದಲು ಹೋದ ನಮ್ಮಂಥವರು ಮನೆಗೆ ಹಿಂದಿರುಗುವಾಗ ಇಂಥ ಉಡುಗೊರೆಗಳನ್ನೇ ತರುತ್ತೇವೆ.

ಹಾಗೆಂದು, ಯಾರ ಅರ್ಥವನ್ನೂ ಕೆದಕಬಾರದು, ಅವರವರ ಖುಷಿ ಅವರಿಗೆ ಎಂದುಬಿಡಲು ನನ್ನಿಂದಾಗದು. ನಮ್ಮ ಹತ್ತಿರದ ನೆಂಟರೊಬ್ಬರು ಮೂರು ಬೋರ್‌ವೆಲ್ ಕೊರೆಸಿ ಮೂರೂ ಒಣಗಿದ ಮೇಲೆ, ಶನಿಕಾಟಕ್ಕೆ ಪರಿಹಾರವೆಂದು ಬಡ್ಡಿಗೆ ಸಾಲ ಮಾಡಿ ನೀಲದ ಉಂಗುರ ಕೊಂಡರು. ನಮ್ಮ ನವರತ್ನಗಳ ಲೆಕ್ಕ ತಿಂಗಳಿನದಲ್ಲ, ಗ್ರಹಗಳದು: ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ. ಈ ಲೆಕ್ಕ ಅಮೆರಿಕದ ಪಟ್ಟಿಗಿಂತ ಎಷ್ಟೋ ಹಳೆಯದು. ರತ್ನಪರೀಕ್ಷೆಯ ಬಗ್ಗೆ ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲೇ ಅಧ್ಯಾಯಗಳಿವೆ. ಆದರೆ ಹಳತನ ಇಲ್ಲಿ ಯಾರನ್ನೂ ಕಾಪಾಡಲಿಲ್ಲ. ಅಮೆರಿಕದ ಚೀಟಿ ಹೊಸದು, ವ್ಯಾಪಾರದ್ದು, ಆದರೂ ಅದು ಅವ್ವನಿಗೆ ಏನನ್ನೂ ಮಾಡಿಕೊಡುತ್ತೇನೆ ಎನ್ನಲಿಲ್ಲ. ನೀನು ತಾಳ್ಮೆಯವಳು ಎಂದಿತು, ಅಷ್ಟೇ. ನೀಲ ಮಾರಿದವನು ನೀರು ಬರುತ್ತದೆ ಎಂದ. ಒಂದು ಮೆಚ್ಚುಗೆಯ ಮಾತು, ಇನ್ನೊಂದು ಫಲದ ಭರವಸೆ. ಫಲ ಕೊಡುತ್ತೇನೆಂದು ದುಡ್ಡು ತೆಗೆದುಕೊಂಡವನನ್ನು, ಅವನ ಶಾಸ್ತ್ರ ಎಷ್ಟೇ ಹಳೆಯದಿರಲಿ, ಫಲ ಎಲ್ಲಿ ಎಂದು ಕೇಳಲೇಬೇಕು. ಬಾಯಿ ಬಿಡಬೇಕಾದ ಜಾಗ ಅದಾಗಿತ್ತು. ಅಲ್ಲಿ ನಾನು ಸುಮ್ಮನಿದ್ದೆ, ಹಿರಿಯರೆಂದು. ಅವ್ವನ ಮುಂದೆ ಮಾತ್ರ ವಿಚಾರವಾದಿಯಾದೆ.

ಇನ್ನೊಂದು ಹುಟ್ಟಿದೆ, ಅದನ್ನೂ ನಾನು ಕೇಳಿರಲಿಲ್ಲ. ಕಲ್ಲನ್ನು ಯಾರು ತೆಗೆದರು? ಟಾಂಜನೈಟ್ ಸಿಗುವ ಆ ಬೆಟ್ಟಗಳ ಗಣಿಗಳಿಗೆ 2008ರ ಮಳೆಯಲ್ಲಿ ನೀರು ನುಗ್ಗಿ ಹತ್ತಾರು ಕಾರ್ಮಿಕರು ಸತ್ತರು. ಆ ಕಲ್ಲಿಗೆ ಆರು ವರ್ಷ ಮುಂಚೆ ಡಿಸೆಂಬರಿನ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತು. ಚೀಟಿಯಲ್ಲಿ ಅರ್ಥಗಳು ತುಂಬಿದಷ್ಟೂ ಗಣಿಯ ಬಗ್ಗೆ ಬರೆಯಲು ಜಾಗ ಉಳಿಯುವುದಿಲ್ಲ. ಅರ್ಥ ಹಳೆಯದೋ ಹೊಸದೋ ಎಂದು ನಾನು ಗ್ರಂಥಾಲಯದಲ್ಲಿ ವಾರಗಟ್ಟಲೆ ಕೂತೆ. ಅವ್ವನ ಮುತ್ತು ಯಾವ ನೀರಿನಿಂದ, ಯಾರ ಕೈಯಿಂದ ಬಂತು ಎಂದು ಒಂದು ಗಂಟೆಯೂ ಹುಡುಕಿರಲಿಲ್ಲ. ಆಮೇಲೆ ಹುಡುಕಿದೆ. ಅಂಗಡಿಯವರಿಗೂ ಗೊತ್ತಿರಲಿಲ್ಲ. ಸಾಕಿ ಬೆಳೆಸಿದ ಮುತ್ತು ಇರಬೇಕು ಎಂದರು, ಜಪಾನಿನ ಮಿಕಿಮೊಟೊ 1893ರಲ್ಲಿ ಶುರುಮಾಡಿದ ಬಗೆಯ ವಿದ್ಯೆ. ಚಿಪ್ಪಿನೊಳಗೆ ಮನುಷ್ಯ ಏನನ್ನೋ ತುರುಕುತ್ತಾನೆ, ಅದರ ಸುತ್ತ ಪದರ ಕಟ್ಟುವುದು ಚಿಪ್ಪಿನ ಜೀವವೇ. ಇದನ್ನು ಹುಟ್ಟುರತ್ನದ ಅರ್ಥಕ್ಕೆ ಹೋಲಿಸಿ ಥೀಸಿಸ್‌ನಲ್ಲಿ ಒಂದು ಪ್ಯಾರಾ ಬರೆದಿದ್ದೆ. ಗೈಡ್ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ "ಚೆಂದ ಇದೆ, ಅದಕ್ಕೇ ಬೇಡ" ಎಂದು ಬರೆದರು.

ಈ ಜೂನ್ 1ಕ್ಕೆ ಊರಿಗೆ ಹೋಗಿದ್ದೆ. ತಮ್ಮ ವೀಡಿಯೊ ಕಾಲ್ ಮಾಡಿದ; ಅವ್ವ ಮಾತಾಡುವಷ್ಟು ಹೊತ್ತೂ ಉಂಗುರದ ಕೈಯನ್ನು ಕೆನ್ನೆಯ ಹತ್ತಿರ ಹಿಡಿದಿದ್ದಳು, ಫೋನಿಗೆ ಕಾಣುವಂತೆ. ಕಾಲ್ ಮುಗಿದ ಮೇಲೆ ನನ್ನ ಕಡೆ ತಿರುಗಿ, "ಅಲ್ಲ ಕಣೆ, ಅವರೆಕಾಯಿ ಕಾಲದಲ್ಲಿ ಹುಟ್ದೋರಿಗೆ ಏನ್ ಬರ್ದವ್ರೆ ಅದರಲ್ಲಿ?" ಎಂದಳು. ಡಿಸೆಂಬರ್ ಆದರೆ ಟಾಂಜನೈಟ್, ಜನವರಿ ಆದರೆ ಗಾರ್ನೆಟ್ ಎಂದೆ. ಎರಡನ್ನೂ ಫೋನಿನಲ್ಲಿ ತೋರಿಸಿದೆ. ಟಾಂಜನೈಟಿನ ಬೆಲೆ ಕೇಳಿ ಫೋನು ವಾಪಸ್ ಕೊಟ್ಟಳು.

"ನಾನು ಜೂನೇ ಇರ್ಲಿ ಬಿಡು" ಎಂದು ಒಲೆಯ ಕಡೆ ಹೋದಳು.