ಷೇರು ಪೇಟೆಯಲ್ಲಿ ಗಣಕಯಂತ್ರ: ದಾಳ ಹಾಕುವವರು ಯಾರು?



ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಊಟದ ಹೊತ್ತಿನ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ಬಂದು ನಿಲ್ಲುವುದು ಮೂರು ವಿಷಯಗಳಲ್ಲಿ: ಮಕ್ಕಳ ಓದು, ಊರಿನ ಸೈಟು, ಉಳಿತಾಯದ ಹಣ. ಈಚೆಗೆ ಮೂರನೆಯದಕ್ಕೆ ಹೊಸದೊಂದು ಚರ್ಚೆ ಸೇರಿಕೊಂಡಿದೆ. ಷೇರು ಪೇಟೆಯ ವ್ಯಾಪಾರದಲ್ಲಿ ಗಣಕಯಂತ್ರ ಮನುಷ್ಯನನ್ನು ಮೀರಿಸಬಲ್ಲದೇ? ಮೀರಿಸುವುದಾದರೆ ನಮ್ಮ ಹಣವನ್ನೂ ಅದರ ಕೈಗೇ ಏಕೆ ಒಪ್ಪಿಸಬಾರದು? ಮೊದಲನೆಯದು ಲೆಕ್ಕದ ಪ್ರಶ್ನೆ. ಎರಡನೆಯದು ಧರ್ಮದ ಪ್ರಶ್ನೆ ಎಂಬುದು ನನ್ನ ಅನಿಸಿಕೆ.

ಲೆಕ್ಕದ ಪ್ರಶ್ನೆಯನ್ನು ಮೊದಲು ನೋಡೋಣ. ನಾವಿರುವ ಈ ಊರುಗಳಲ್ಲೇ ಒಂದು ಕಾಲಕ್ಕೆ ಷೇರು ಪೇಟೆಗಳಿದ್ದವು. ಮ್ಯಾಂಚೆಸ್ಟರ್‌ನದು 1836ರಲ್ಲಿ, ಬರ್ಮಿಂಗ್‌ಹ್ಯಾಮ್‌ನದು 1845ರಲ್ಲಿ ಹುಟ್ಟಿತು. ರೈಲ್ವೆ ಷೇರುಗಳ ಹುಚ್ಚು ಹತ್ತಿದ್ದ ಆ ದಿನಗಳಲ್ಲಿ ದಲ್ಲಾಳಿಗಳು ಎದುರಾ ಎದುರು ನಿಂತು, ಮುಖ ನೋಡಿ ವ್ಯಾಪಾರ ಮಾಡುತ್ತಿದ್ದರು. 1973ರಲ್ಲಿ ಈ ಪ್ರಾಂತೀಯ ಪೇಟೆಗಳೆಲ್ಲ ಲಂಡನ್ನಿನದರಲ್ಲಿ ಲೀನವಾದವು. 1986ರ ಅಕ್ಟೋಬರ್ 27ರಂದು ಜಾರಿಗೆ ಬಂದ ‘ಬಿಗ್ ಬ್ಯಾಂಗ್’ ಸುಧಾರಣೆಯ ನಂತರ ಲಂಡನ್ನಿನ ಅಂಗಳವೂ ಬರಿದಾಗಿ ವ್ಯಾಪಾರ ಪರದೆಯ ಮೇಲೆ ಹೋಯಿತು. ಮ್ಯಾಂಚೆಸ್ಟರ್‌ನ ನಾರ್ಫೋಕ್ ಸ್ಟ್ರೀಟಿನ ಹಳೆಯ ಷೇರು ಪೇಟೆಯ ಕಟ್ಟಡ 2019ರಲ್ಲಿ ಹೋಟೆಲಾಯಿತು. ಊರಿನ ಕಡೆಯೂ ಇದೇ ಕಥೆ. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಪರದೆಯ ವ್ಯಾಪಾರ ತಂದಿತು. 1963ರಲ್ಲಿ ಆರಂಭವಾಗಿದ್ದ ಬೆಂಗಳೂರಿನ ಕೇಂದ್ರ 2014ರಲ್ಲಿ ಬಾಗಿಲು ಹಾಕಿತು.

ಪರದೆಗೆ ಬಂದ ವ್ಯಾಪಾರವನ್ನು ಯಂತ್ರವೇ ನೋಡಿಕೊಳ್ಳುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಅದು ನೂರಾರು ಸಲ ಕೊಂಡು ಮಾರಿರುತ್ತದೆ. ವೇಗದಲ್ಲಷ್ಟೇ ಅಲ್ಲ, ಜಾಣತನದಲ್ಲೂ ಅದು ಗೆದ್ದಿದೆ. ಅಮೆರಿಕದ ಗಣಿತಜ್ಞ ಜಿಮ್ ಸೈಮನ್ಸ್ ಕಟ್ಟಿದ ಮೆಡಾಲಿಯನ್ ನಿಧಿ 1988ರಿಂದ ಮೂವತ್ತು ವರ್ಷ ಯಂತ್ರಗಳ ಲೆಕ್ಕವನ್ನು ನಂಬಿ, ಶುಲ್ಕ ಕಳೆಯುವ ಮೊದಲು ವರ್ಷಕ್ಕೆ ಸರಾಸರಿ ಶೇ. 66ರಷ್ಟು ಗಳಿಸಿತು. ಇನ್ನೊಂದು ಉಪಕಾರವನ್ನೂ ಹೇಳಬೇಕು. ಯಂತ್ರಗಳ ಪೈಪೋಟಿಯಿಂದ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ ತಗ್ಗಿದೆ. ಮಗಳ ಮದುವೆಗೆಂದು ನಾಲ್ಕು ಷೇರು ಮಾರುವವನಿಗೆ ಅದು ಲಾಭವೇ.

ಆದರೆ ಒಂದು ಮಾತು. 1997ರಲ್ಲಿ ಡೀಪ್ ಬ್ಲೂ ಎಂಬ ಗಣಕಯಂತ್ರ ಚದುರಂಗದಲ್ಲಿ ಕಾಸ್ಪರೋವ್ ಅವರನ್ನು ಸೋಲಿಸಿದಾಗ ಚದುರಂಗದ ಮಣೆ ಬದಲಾಗಲಿಲ್ಲ. ಷೇರು ಪೇಟೆ ಹಾಗಲ್ಲ. ಆಡುವವರು ಆಡಿದಂತೆಲ್ಲ ಮಣೆಯೇ ಅಲುಗುತ್ತದೆ. 1987ರ ಅಕ್ಟೋಬರ್ 19ರಂದು ನ್ಯೂಯಾರ್ಕಿನ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇ. 22.6ರಷ್ಟು ಕುಸಿಯಿತು. ಬೆಲೆ ಇಳಿದರೆ ಮಾರಬೇಕು ಎಂಬ ಸೂತ್ರವನ್ನು ಹಲವು ದೊಡ್ಡ ಸಂಸ್ಥೆಗಳು ನೆಚ್ಚಿಕೊಂಡಿದ್ದವು. ಒಬ್ಬರು ಮಾರಿದ್ದಕ್ಕೆ ಬೆಲೆ ಇಳಿಯಿತು, ಇಳಿದದ್ದಕ್ಕೆ ಇನ್ನೊಬ್ಬರು ಮಾರಿದರು. ಕುಸಿತಕ್ಕೆ ಅದೊಂದೇ ಕಾರಣವಲ್ಲದಿದ್ದರೂ ಉರಿಯುವ ಬೆಂಕಿಗೆ ತುಪ್ಪ ಸುರಿದದ್ದು ಅದು. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಎಂಬ ಅಮೆರಿಕನ್ ಸಂಸ್ಥೆಯ ತಂತ್ರಾಂಶ ತಪ್ಪು ದಾರಿ ಹಿಡಿದು, ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಕಳೆಯಿತು. ಮನುಷ್ಯನಾಗಿದ್ದರೆ ಐದನೆಯ ನಿಮಿಷಕ್ಕೆ ಬೆವರುತ್ತಿದ್ದ. ಯಂತ್ರಕ್ಕೆ ಬೆವರಿಲ್ಲ.

ಇನ್ನು ಯಂತ್ರ ಗೆದ್ದಾಗ ಸೋಲುವವರು ಯಾರು? ಭಾರತದ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ‘ಸೆಬಿ’ 2024ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಅಂಕಿಗಳಲ್ಲೇ ಉತ್ತರ ಕೊಟ್ಟಿತು. ‘ಫ್ಯೂಚರ್ಸ್ ಮತ್ತು ಆಪ್ಷನ್ಸ್’ ಎಂಬ ವಾಯಿದೆ ವ್ಯಾಪಾರದಲ್ಲಿ 2021–22ರಿಂದ ಮೂರು ವರ್ಷ ಕೈಯಾಡಿಸಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಾಪಾರಿಗಳಲ್ಲಿ ಶೇ. 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಲಾಭ ಹೋದದ್ದು ದೊಡ್ಡ ದಲ್ಲಾಳಿ ಸಂಸ್ಥೆಗಳಿಗೆ ಮತ್ತು ವಿದೇಶೀ ಹೂಡಿಕೆದಾರರಿಗೆ. ಅವರ ಲಾಭದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಯಂತ್ರಗಳ ಮೂಲಕ ನಡೆದ ವ್ಯಾಪಾರದ್ದು.

ಅಂದರೆ ‘ಯಂತ್ರವೋ ಮನುಷ್ಯನೋ’ ಎಂಬ ಪ್ರಶ್ನೆಯೇ ಅರ್ಧ. ಯಂತ್ರದ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಎದುರಿಗೂ ಒಬ್ಬ ಮನುಷ್ಯನಿದ್ದಾನೆ. ಈ ಎದುರಿಗಿರುವವನು ಬಹುಮಟ್ಟಿಗೆ ನಮ್ಮ ಮನೆಯವನೇ.

ದಾವಣಗೆರೆಯಲ್ಲಿರುವ ನನ್ನ ಸೋದರಳಿಯ ಅಂಥವರಲ್ಲಿ ಒಬ್ಬ. ಓದಿದ ಹುಡುಗ, ದುಶ್ಚಟವಿಲ್ಲ. ತಿಂಗಳಿಗಿಷ್ಟು ಎಂದು ಬಾಡಿಗೆ ಕೊಟ್ಟು, ತಾನೇ ಕೊಂಡು ಮಾರುವ ಒಂದು ತಂತ್ರಾಂಶ ತಂದ. ತಂದೆಯ ನಿವೃತ್ತಿಯ ಹಣದಲ್ಲಿ ಅರ್ಧ ಒಂದೇ ಮಳೆಗಾಲದಲ್ಲಿ ಕರಗಿತು. ಅಕ್ಕ ಫೋನಿನಲ್ಲಿ ಅಳಲಿಲ್ಲ. “ಕಂಪ್ಯೂಟರ್ ಹಂಗ್ ಮಾಡ್ತಂತೆ ಕಣೋ. ಅದನ್ನ ಯಾರು ಕೇಳೋದು?” ಎಂದಳು, ಅಷ್ಟೇ.

ಅಕ್ಕನ ಈ ಪ್ರಶ್ನೆ ನಮ್ಮವರಿಗೆ ಹೊಸದಲ್ಲ. ಮಹಾಭಾರತದ ದ್ಯೂತಸಭೆಯನ್ನು ನೆನಪಿಸಿಕೊಳ್ಳಿ. ಪಣವೊಡ್ಡಿದವನು ದುರ್ಯೋಧನ, ದಾಳ ಹಾಕಿದವನು ಶಕುನಿ. ಒಬ್ಬನ ಪಣಕ್ಕೆ ಇನ್ನೊಬ್ಬ ಆಡುವುದು ಸರಿಯಲ್ಲವೆಂದು ಧರ್ಮರಾಯ ಆಕ್ಷೇಪಿಸಿದ, ಆದರೂ ಕುಳಿತ. ಆಟದ ಮೇಲೆ ಆಸೆಯಿತ್ತು, ಆಡುವ ಕೈ ಪಳಗಿರಲಿಲ್ಲ. ಮಣೆಯ ಮುಂದೆ ಕೂರದೇ ಇದ್ದವರೂ ಪಣವಾಗಿ ಹೋದರು. ದ್ರೌಪದಿ ಸಭೆಯನ್ನು ಕೇಳಿದಾಗ ಹಿರಿಯರ ಬಾಯಲ್ಲಿ ನೇರ ಉತ್ತರ ಬರಲಿಲ್ಲ.

ಇಂದಿನ ಯಂತ್ರ ಶಕುನಿಯಂತೆ ಮೋಸಗಾರನೆಂದು ನಾನು ಹೇಳುತ್ತಿಲ್ಲ. ಗಣಿತ ಓದಿದ ನಮ್ಮ ಮಕ್ಕಳೇ ಕೆಲವರು ಈ ಉದ್ಯೋಗದಲ್ಲಿದ್ದಾರೆ, ಪ್ರಾಮಾಣಿಕವಾಗಿ ದುಡಿಯುತ್ತಿದ್ದಾರೆ. ನಾನು ಹೇಳುವುದಿಷ್ಟೇ: ದಾಳವನ್ನು ಇನ್ನೊಬ್ಬರ ಕೈಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು. ಯಂತ್ರ ಮಾಡಿತು ಎಂದು ಯಂತ್ರದ ಒಡೆಯನೂ ಹೇಳಬಾರದು, ಅದನ್ನು ನಂಬಿ ಮನೆಯ ಹಣ ಸುರಿದವನೂ ಹೇಳಬಾರದು. ನಷ್ಟದ ನೋವು ತಿಳಿಯದ ಯಂತ್ರಕ್ಕೆ ಎಷ್ಟರವರೆಗೆ ಕಳೆಯಬಹುದು ಎಂದು ಗೆರೆ ಎಳೆಯಬೇಕಾದವರು ನೋವು ತಿಳಿದವರೇ. ಆ ಗೆರೆ ಎಳೆಯುವ ಮೊದಲು, ಆ ಹಣದಲ್ಲಿ ಪಾಲಿರುವ ಹೆಂಡತಿ, ತಾಯಿ, ತಂದೆಯನ್ನು ಕೇಳಬೇಕು. ನಮ್ಮ ಉತ್ತರಕರ್ಮ ಮುಗಿದ ಮೇಲೂ ಉಳಿಯುವುದು ಆ ಮನೆಯವರೇ ತಾನೆ?

ಕೊನೆಗೆ ವ್ಯವಹಾರದ ಮಾತು ಎರಡು. ಸೈಮನ್ಸರ ಆ ನಿಧಿ ಹೊರಗಿನವರ ಹಣವನ್ನು ಹಿಂದಿರುಗಿಸಿ, ತಮ್ಮ ಸಂಸ್ಥೆಯವರಿಗಷ್ಟೇ ಎಂದು ಬಾಗಿಲು ಮುಚ್ಚಿಕೊಂಡಿತು. ನಿಜವಾಗಿ ಗೆಲ್ಲುವ ಯಂತ್ರ ಇದ್ದವರು ಅದನ್ನು ಐವತ್ತು ಪೌಂಡಿಗೆ ನಮಗೆ ಬಾಡಿಗೆ ಕೊಡುವುದಿಲ್ಲ. ಎರಡನೆಯದು, ಯಂತ್ರದಿಂದ ನಮ್ಮಂಥ ಸಂಸಾರಸ್ಥರಿಗೆ ಆಗಿರುವ ದೊಡ್ಡ ಅನುಕೂಲ ಚುರುಕಿನ ಆಟವಲ್ಲ. 1976ರಲ್ಲಿ ಜಾನ್ ಬೋಗಲ್ ಅಮೆರಿಕದಲ್ಲಿ ಸಾಮಾನ್ಯರಿಗಾಗಿ ಆರಂಭಿಸಿದ ಸೂಚ್ಯಂಕ ನಿಧಿಯಂಥವು ಪೇಟೆಯನ್ನು ಸೋಲಿಸಲು ಹೋಗುವುದೇ ಇಲ್ಲ. ಇಡೀ ಪೇಟೆಯ ಒಂದೊಂದು ಚೂರನ್ನು ಕಡಿಮೆ ಖರ್ಚಿನಲ್ಲಿ ಕೊಂಡು ಸುಮ್ಮನಿರುತ್ತವೆ. ಅಲ್ಲೂ ಏರಿಳಿತ ಇದ್ದದ್ದೇ. ಆದರೂ ವರ್ಷಗಟ್ಟಲೆ ಕಾದವರ ಲೆಕ್ಕದಲ್ಲಿ ಬಹುಪಾಲು ನಿಪುಣರಿಗಿಂತ ಅವೇ ಮುಂದೆ.

ಆಡದೆ ಇರುವುದೂ ಒಂದು ಆಟವೇ. ಅದನ್ನು ಆಯ್ದುಕೊಳ್ಳಲು ಬೇಕಾದ ವಿವೇಕ ಮಾತ್ರ ನಮ್ಮದಾಗಿರಬೇಕು. ಒಪ್ಪದವರು, ವಿಶೇಷವಾಗಿ ಈ ವೃತ್ತಿಯಲ್ಲೇ ಇರುವ ನಮ್ಮ ಯುವಕ ಯುವತಿಯರು, ಮುಂದಿನ ಸಂಚಿಕೆಗೆ ದಯವಿಟ್ಟು ಬರೆಯಿರಿ. ಚರ್ಚೆ ಬೆಳೆಯಲಿ.