ನಿನ್ನೆ ಮಲಗಿದವನೇ ಇಂದು ಎದ್ದನೇ?

ಕೆಟ್ಟು ಕೂತಿದ್ದ ಕಂಪ್ಯೂಟರಿಗೆ ಹೊಸದಾಗಿ ವಿಂಡೋಸ್ ಹಾಕಿಸಿ ಮನೆಗೆ ತಂದದ್ದಾಗಿದೆ. ಯಜಮಾನರು ಹಳೆಯ ಹೆಸರಿನಲ್ಲೇ ಅಕೌಂಟ್ ಮಾಡಿ ಹಳೆಯ ಪಾಸ್‌ವರ್ಡನ್ನೇ ಕೊಡುತ್ತಾರೆ. ಮಕ್ಕಳ ಫೋಟೊ, ಅರ್ಧ ಬರೆದಿಟ್ಟ ಲೇಖನ, ಎಲ್ಲವೂ ಡಿ ಡ್ರೈವ್‌ನಲ್ಲಿ ಇದ್ದಲ್ಲೇ ಇವೆ. ಫೋಲ್ಡರ್ ತೆರೆಯಹೋದರೆ ಮಾತ್ರ ‘ಆಕ್ಸೆಸ್ ಡಿನೈಡ್’. ಮನುಷ್ಯ ಅವನೇ, ಯಂತ್ರ ಅದೇ, ಫೈಲುಗಳೂ ಅವೇ. ಆದರೂ ತನ್ನ ಮನೆಯ ಹೊಸ್ತಿಲಲ್ಲಿ ನಿಂತು ‘ನಾನು ನಾನೇ’ ಎಂದು ಸಾಬೀತುಪಡಿಸಬೇಕಾದ ಪಾಡು.

ಯಂತ್ರ ಹೆಸರನ್ನು ನಂಬುವುದಿಲ್ಲ. ಪ್ರತಿ ಅಕೌಂಟಿಗೂ ವಿಂಡೋಸ್ ‘ಎಸ್-1-5-21’ ಎಂದು ಶುರುವಾಗುವ ಉದ್ದನೆಯ ಗುರುತಿನ ಸಂಖ್ಯೆ ಕೊಡುತ್ತದೆ. ಅದರ ನಡುವಿನ ಮೂರು ದೊಡ್ಡ ಸಂಖ್ಯೆಗಳು ಇನ್‌ಸ್ಟಾಲ್ ಮಾಡುವ ಹೊತ್ತಿನಲ್ಲಿ ಹುಟ್ಟಿದವು. ಮತ್ತೆ ಇನ್‌ಸ್ಟಾಲ್ ಮಾಡಿದರೆ ಬೇರೆಯೇ ಹುಟ್ಟುತ್ತವೆ. ಫೈಲುಗಳಿಗೆ ಗೊತ್ತಿರುವುದು ಹಳೆಯ ಸಂಖ್ಯೆಯ ಒಡೆಯ ಮಾತ್ರ. ಫೋಲ್ಡರಿನ ಸೆಕ್ಯುರಿಟಿ ಪಟ್ಟಿಯಲ್ಲಿ ಆ ಸಂಖ್ಯೆ ‘ಅಕೌಂಟ್ ಅನ್‌ನೋನ್’ ಎಂಬ ಹಣೆಪಟ್ಟಿ ಹೊತ್ತು ಕೂತಿರುತ್ತದೆ.

ಬ್ರಹ್ಮಸೂತ್ರದ ಮೂರನೆಯ ಅಧ್ಯಾಯ, ಎರಡನೆಯ ಪಾದ, 9ನೆಯ ಸೂತ್ರ ಎತ್ತಿಕೊಳ್ಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು. ಗಾಢನಿದ್ರೆಯಲ್ಲಿ ಜೀವ ಬ್ರಹ್ಮದಲ್ಲಿ ಒಂದಾಗುತ್ತದೆ ಎನ್ನುವುದಾದರೆ, ಬೆಳಿಗ್ಗೆ ಎದ್ದವನು ರಾತ್ರಿ ಮಲಗಿದವನೇ ಎನ್ನಲು ಆಧಾರವೇನು? ಶಂಕರರ ಭಾಷ್ಯದಲ್ಲಿ ಪೂರ್ವಪಕ್ಷಿ ಕೊಡುವ ಉದಾಹರಣೆ ಬಲವಾದದ್ದು: ನೀರಿನ ರಾಶಿಗೆ ಒಂದು ಹನಿ ಸುರಿದು, ಆಮೇಲೆ ಅದೇ ಹನಿಯನ್ನು ಎತ್ತಿ ಕೊಡು ಎಂದರೆ ಯಾರಿಗೆ ಸಾಧ್ಯ?

ಶಂಕರರು ಕೊಡುವ ಮೊದಲ ಕಾರಣ ಕರ್ಮ. ನಿನ್ನೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮನುಷ್ಯ ಇಂದು ಅಲ್ಲಿಂದಲೇ ಮುಂದುವರಿಸುತ್ತಾನೆ. ಬೇರೊಬ್ಬನ ಅರೆಗೆಲಸಕ್ಕೆ ಯಾರೂ ಹಾಗೆ ಕೈಹಾಕುವುದಿಲ್ಲ. ಎರಡನೆಯದು ನೆನಪು: ಒಬ್ಬ ಕಂಡದ್ದನ್ನು ಇನ್ನೊಬ್ಬ ನೆನೆಯಲಾರ. ಶ್ರುತಿಯ ಮಾತು, ವಿಧಿಗಳು ವ್ಯರ್ಥವಾಗುತ್ತವೆಂಬ ವಾದ ಆಮೇಲೆ ಬರುತ್ತವೆ. ಹನಿಯ ಪ್ರಶ್ನೆಗೂ ಉತ್ತರವಿದೆ. ಹನಿಗೆ ಅದನ್ನು ಬೇರ್ಪಡಿಸುವ ಗುರುತಿಲ್ಲ. ಜೀವಕ್ಕೆ ಕರ್ಮ ಮತ್ತು ಅವಿದ್ಯೆಯೆಂಬ ಗುರುತಿದೆ. ಬೆರೆತ ಹಾಲು ನೀರನ್ನು ನಮ್ಮಂಥವರು ಬೇರ್ಪಡಿಸಲಾರರು, ಹಂಸ ಬೇರ್ಪಡಿಸುತ್ತದೆ ಎಂಬ ಹೋಲಿಕೆಯೂ ಅಲ್ಲಿ ಬರುತ್ತದೆ. ಒಬ್ಬನನ್ನು ಅವನನ್ನಾಗಿಯೇ ಉಳಿಸುವ ಗುರುತು ಅವನ ಬಂಧನವೂ ಆಗಿರುವುದು ಈ ಉತ್ತರದ ಆಳ.

ಈ ಅಳತೆಯಲ್ಲಿ ಮನೆಯ ಯಜಮಾನರು ಪೂರ್ತಿ ಪಾಸು. ಅರೆಗೆಲಸ ಅವರದು, ನೆನಪು ಅವರದು. ಕೊರತೆ ಇರುವುದು ಎದುರಿನಲ್ಲಿ. ನಿದ್ರೆಯಿಂದ ಎದ್ದವನು ತನ್ನನ್ನು ತಾನೇ ಗುರುತಿಸಿಕೊಳ್ಳುತ್ತಾನೆ. ಇಲ್ಲಿ ಗುರುತಿಸಬೇಕಾದದ್ದು ನಿನ್ನೆಯನ್ನು ಕಂಡೇ ಇಲ್ಲದ ಹೊಸ ವಿಂಡೋಸ್. ಶಕುಂತಲೆ ದುಷ್ಯಂತನ ಸಭೆಯಲ್ಲಿ ನಿಂತಾಗ ಅವಳೇನೂ ಬದಲಾಗಿರಲಿಲ್ಲ. ಮರೆವು ಎದುರಿನವನದು, ಉಂಗುರ ತೋರಿಸಬೇಕಾದ ಹೊರೆ ಮಾತ್ರ ಅವಳದು.

ಉಂಗುರವಿಲ್ಲದೆಯೂ ಬಾಗಿಲು ತೆರೆಯುವ ದಾರಿಯೊಂದಿದೆ. ‘ಅಡ್ಮಿನಿಸ್ಟ್ರೇಟರ್ಸ್’ ಗುಂಪಿನ ಸಂಖ್ಯೆ, ಅಂದರೆ ಎಸ್-1-5-32-544, ಎಲ್ಲ ವಿಂಡೋಸ್ ಯಂತ್ರಗಳಲ್ಲೂ ಒಂದೇ. ವ್ಯಕ್ತಿಯ ಸಂಖ್ಯೆ ಅಳಿದರೂ ಪದವಿಯ ಸಂಖ್ಯೆ ಅಳಿಯುವುದಿಲ್ಲ. ಆ ಅಧಿಕಾರದಲ್ಲಿ ಅಡ್ವಾನ್ಸ್ಡ್ ಸೆಕ್ಯುರಿಟಿಗೆ ಹೋಗಿ ‘ಓನರ್’ ಬದಲಿಸಿ, ಬಳಿಕ ಓದುವ ಬರೆಯುವ ಅನುಮತಿ ಕೊಟ್ಟುಕೊಂಡರೆ ಫೋಲ್ಡರ್ ತೆರೆದುಕೊಳ್ಳುತ್ತದೆ. ಆದರೆ ಆ ಗುಂಪಿಗೆ ಸೇರಿದ ಯಾರು ಬೇಕಾದರೂ ಇದನ್ನೇ ಮಾಡಬಹುದು. ಹಾಗಾಗಿ ಇದು ಗುರುತು ಸಿಕ್ಕಿದ್ದಲ್ಲ, ಒಡೆತನ ಬರೆಸಿಕೊಂಡದ್ದು.

ವಿಂಡೋಸ್ 2000ದ ಜೊತೆ ಬಂದ ಇಎಫ್‌ಎಸ್ ಎಂಬ ಎನ್‌ಕ್ರಿಪ್ಶನ್ ವ್ಯವಸ್ಥೆಯ ಮುಂದೆ ಈ ಅಧಿಕಾರ ನಡೆಯುವುದಿಲ್ಲ. ಫೈಲನ್ನು ಒಂದು ಕೀ ಬೀಗ ಹಾಕಿಟ್ಟಿರುತ್ತದೆ. ಆ ಕೀಯನ್ನು ತೆರೆಯುವ ಖಾಸಗಿ ಕೀ ಹಳೆಯ ಪ್ರೊಫೈಲಿನೊಳಗಿದೆ. ಖಾಸಗಿ ಕೀಯ ಕಾವಲಿಗೆ ಹಳೆಯ ಪಾಸ್‌ವರ್ಡ್ ಮತ್ತು ಹಳೆಯ ಗುರುತಿನ ಸಂಖ್ಯೆ ಎರಡೂ ಕೂಡಿವೆ. ಒಡೆಯನ ಹೆಸರು ಬದಲಿಸಿದರೂ ಒಳಗಿನದು ಅರ್ಥವಿಲ್ಲದ ಬೈಟುಗಳಾಗಿಯೇ ಉಳಿಯುತ್ತದೆ. ಒಂದು ವಸ್ತು ಯಾರದು ಎನ್ನುವುದೂ ಅದು ಯಾರಿಗೆ ಅರ್ಥವಾಗುತ್ತದೆ ಎನ್ನುವುದೂ ಬೇರೆ ಬೇರೆ ಪ್ರಶ್ನೆಗಳೆಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಸಂದರ್ಭಗಳು ಕಡಿಮೆ.

ಇಲ್ಲಿ ಬೌದ್ಧರ ಮಾತು ಹೆಚ್ಚು ಹತ್ತಿರ. ಮಿಲಿಂದಪಞ್ಹದಲ್ಲಿ ನಾಗಸೇನ ಭಿಕ್ಷು ರಾಜ ಮಿಲಿಂದನಿಗೆ ದೀಪದಿಂದ ದೀಪ ಹಚ್ಚುವ ಉದಾಹರಣೆ ಕೊಡುತ್ತಾನೆ: ಒಂದರಿಂದ ಇನ್ನೊಂದಕ್ಕೆ ಯಾವ ವಸ್ತುವೂ ದಾಟಿಹೋಗದು, ಆದರೂ ಎರಡನೆಯದು ಉರಿಯುವುದು ಮೊದಲನೆಯದರಿಂದಲೇ. ಹಳೆಯ ವಿಂಡೋಸ್ ಬದುಕಿದ್ದಾಗ ಇಎಫ್‌ಎಸ್‌ನ ಸರ್ಟಿಫಿಕೇಟನ್ನು ಖಾಸಗಿ ಕೀ ಸಮೇತ ಪಿಎಫ್‌ಎಕ್ಸ್ ಫೈಲಾಗಿ ಪೆನ್‌ಡ್ರೈವಿಗೆ ತೆಗೆದಿಟ್ಟಿದ್ದರೆ, ಹೊಸದರಲ್ಲಿ ಅದನ್ನು ಸೇರಿಸಿದೊಡನೆ ಫೈಲುಗಳು ತೆರೆಯುತ್ತವೆ. ಹೊಸ ಸಂಖ್ಯೆ ಹಳೆಯದಕ್ಕೆ ಸಮನಾಗಬೇಕೆಂದೇನೂ ಇಲ್ಲ. ದೀಪ ಆರುವ ಮುನ್ನ ಹಚ್ಚಿಕೊಂಡಿರಬೇಕು, ಅಷ್ಟೆ.

ಹಚ್ಚಿಕೊಳ್ಳದೆ ಹೋದವರು ಹುಡುಕಬೇಕಾದದ್ದು ಹಳೆಯ ಯೂಸರ್ ಫೋಲ್ಡರನ್ನು. ಕೆಲವೊಮ್ಮೆ ಅದು ‘ವಿಂಡೋಸ್ ಡಾಟ್ ಓಲ್ಡ್’ ಒಳಗೆ ಉಳಿದಿರುತ್ತದೆ. ಅದರ ಆಪ್‌ಡೇಟಾದ ಆಳದಲ್ಲಿ ‘ಪ್ರೊಟೆಕ್ಟ್’ ಎಂಬ ಫೋಲ್ಡರ್, ಅದರೊಳಗೆ ಇನ್ನೊಂದು. ಆ ಇನ್ನೊಂದರ ಹೆಸರೇ ಅಳಿದುಹೋಯಿತೆಂದುಕೊಂಡ ಹಳೆಯ ಗುರುತಿನ ಸಂಖ್ಯೆ. ಅದರ ಜೊತೆಗೆ ಕೀ ಫೈಲುಗಳೂ ಉಳಿದಿದ್ದು, ಹಳೆಯ ಪಾಸ್‌ವರ್ಡ್ ನೆನಪಿದ್ದರೆ, ಡೇಟಾ ರಿಕವರಿ ಬಲ್ಲವರು ಬೀಗ ತೆಗೆಯಬಲ್ಲರು. ಅವರ ಕೈಗೆ ತಲುಪುವವರೆಗೆ ಆ ಡಿಸ್ಕಿಗೆ ಹೊಸದಾಗಿ ಏನನ್ನೂ ಕಾಪಿ ಮಾಡಬಾರದು.