ಹೆಚ್ಚುಕಡಿಮೆ ಮುಗೀತು

ದೂರದ ಊರಿನ ಕಚೇರಿಯ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡುವ ಮಕ್ಕಳು ಈಗ ನಮ್ಮ ಅನೇಕ ಕುಟುಂಬಗಳಲ್ಲಿದ್ದಾರೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಕಿವಿಗೆ ಹೆಡ್‌ಫೋನ್, ಮುಚ್ಚಿದ ಬಾಗಿಲು. ಒಳಗೆ ಏನು ನಡೆಯುತ್ತಿದೆ ಎಂಬುದು ತಂದೆತಾಯಿಗೆ ಅರ್ಥವಾಗದು. ಕೆಲಸ ಕೊಟ್ಟವರಿಗಂತೂ ಆ ಕೋಣೆಯೇ ಕಾಣದು. ಯಾರೂ ನೋಡದ ಜಾಗದಲ್ಲಿ ಮಾಡುವ ಕೆಲಸದಲ್ಲಿ ಪ್ರಾಮಾಣಿಕತೆ ಎಂದರೇನು? ಈ ಪ್ರಶ್ನೆ ನನ್ನ ಮುಂದೆ ಬಂದದ್ದು ತರಗತಿಯಲ್ಲಲ್ಲ, ನಮ್ಮ ಮನೆಯ ಅಡುಗೆಮನೆಯ ಬಾಗಿಲಲ್ಲಿ.

2021ರ ಜನವರಿ. ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಪದವಿ ಮುಗಿಸುವ ಮೊದಲು ಯಾವುದಾದರೂ ಕಂಪನಿಯಲ್ಲಿ ಇಂಟರ್ನ್‌ಶಿಪ್, ಅಂದರೆ ಕಲಿಕೆಯ ಕೆಲಸ, ಮಾಡಲೇಬೇಕಿತ್ತು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ತಿಂಗಳ ಅವಕಾಶ ಸಿಕ್ಕಿತು. ಕೋವಿಡ್ ಕಾರಣದಿಂದ ಅವರ ಕಚೇರಿ ಮುಚ್ಚಿತ್ತು. ಹಾಗಾಗಿ ಎಲ್ಲವೂ ಮನೆಯಿಂದಲೇ. ನಮ್ಮ ಮನೆ ಇದ್ದದ್ದು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ. ಅಪ್ಪ ಅಲ್ಲಿ ರೈಟರ್. ಆಳುಗಳ ಹಾಜರಿ, ಕೂಲಿಯ ಲೆಕ್ಕ, ಸಂಜೆ ಕುಯ್ದ ಹಣ್ಣಿನ ತೂಕ, ಇವೆಲ್ಲ ಅವರ ಕೆಲಸ. ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಅಡುಗೆಮನೆಗೆ ತಾಗಿದ ಹಿಂದಿನ ಕಿಟಕಿಯ ಬಳಿ ಮಾತ್ರ. ಅಲ್ಲೇ ನನ್ನ ಕುರ್ಚಿ ಬಿತ್ತು.

ಮನೆಯಲ್ಲಿ ಕೂತು ಸಂಬಳ ಬರುವುದು ಎಂದರೆ ಅಪ್ಪನಿಗೆ ನಂಬಿಕೆ ಬರಲಿಲ್ಲ. ಅಮ್ಮನಿಗೋ, ಮಗ ಮನೆಯಲ್ಲಿದ್ದಾನೆ ಎಂದರೆ ಬಿಡುವಾಗಿದ್ದಾನೆ ಎಂದೇ ಅರ್ಥ. ಮೀಟಿಂಗ್ ನಡುವೆ ಅಂಗಡಿಗೆ ಹೋಗಿ ಬಾ ಎನ್ನುತ್ತಿದ್ದರು. ಒಂದು ತಿಂಗಳಲ್ಲಿ ಇಬ್ಬರೂ ಹೊಂದಿಕೊಂಡರು. ಬೆಳಿಗ್ಗೆ ಹತ್ತು ಗಂಟೆಗೆ ನಾನು ಇಂಗ್ಲಿಷಿನಲ್ಲಿ ಮಾತನಾಡಲು ತೊಡಗಿದರೆ ಅಮ್ಮ ಪಾತ್ರೆಯ ಸದ್ದು ಕಡಿಮೆ ಮಾಡುತ್ತಿದ್ದರು.

ಆ ಹತ್ತು ಗಂಟೆಯ ಮೀಟಿಂಗಿನಲ್ಲಿ ಪ್ರತಿಯೊಬ್ಬರೂ ಮೂರು ವಿಷಯ ಹೇಳಬೇಕು: ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೇನೆ, ಏನಾದರೂ ತೊಡಕಿದೆಯೇ. ಫೆಬ್ರವರಿಯಲ್ಲಿ ನನಗೆ ಒಂದು ಸಣ್ಣ ಕೆಲಸ ಕೊಟ್ಟರು. ದಿನದ ಆರ್ಡರುಗಳ ವರದಿಯಲ್ಲಿ ಒಂದು ತಪ್ಪಿತ್ತು. ಕಂಪ್ಯೂಟರಿನಲ್ಲಿ ಸಮಯವನ್ನು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಗಡಿಯಾರದ ಪ್ರಕಾರ ಬರೆದಿಡುತ್ತಾರೆ. ನಮ್ಮ ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಹೀಗಾಗಿ 5ನೇ ತಾರೀಖು ರಾತ್ರಿ 2 ಗಂಟೆಗೆ ಬಂದ ಆರ್ಡರು 4ನೇ ತಾರೀಖಿನ ಲೆಕ್ಕಕ್ಕೆ ಸೇರುತ್ತಿತ್ತು. ಅದನ್ನು ಸರಿಪಡಿಸಬೇಕಿತ್ತು.

ಕೇಳಲು ಸುಲಭ. ನಾನು ಐದೂವರೆ ಗಂಟೆ ಕೂಡಿಸುವ ಒಂದು ಸಾಲು ಬರೆದೆ. ರಾತ್ರಿಯ ಆರ್ಡರುಗಳು ಸರಿಹೋದವು, ಆದರೆ ಸಂಜೆ ಆರೂವರೆಯ ನಂತರದ ಆರ್ಡರುಗಳು ಮರುದಿನಕ್ಕೆ ಜಿಗಿದವು. ಯಾಕೆಂದು ತಿಳಿಯಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿ ಯಾರೋ ಬರೆದದ್ದನ್ನು ಅರ್ಥವಾಗದೆಯೇ ತಂದು ಅಂಟಿಸಿದೆ. ಇನ್ನಷ್ಟು ಕೆಟ್ಟಿತು. ಆದರೂ ಸೋಮವಾರದ ಮೀಟಿಂಗಿನಲ್ಲಿ ‘ಆಲ್ಮೋಸ್ಟ್ ಡನ್’ ಎಂದೆ. ತೊಡಕೇನಾದರೂ ಇದೆಯೇ ಎಂದಾಗ ಇಲ್ಲ ಎಂದೆ. ಮಂಗಳವಾರವೂ ಅದೇ. ಬುಧವಾರವೂ ಅದೇ.

ಬುಧವಾರ ಮೀಟಿಂಗ್ ಮುಗಿಸಿ ಹೆಡ್‌ಫೋನ್ ತೆಗೆದಾಗ ಅಮ್ಮ ಬಾಗಿಲ ಬಳಿ ಹುರುಳಿಕಾಯಿ ಸೋಸುತ್ತಾ ಕೂತಿದ್ದರು.

“‘ಆಲ್ಮೋಸ್ಟ್ ಡನ್’ ಅಂದ್ರೆ ಏನೋ?” ಎಂದರು.

“ಹೆಚ್ಚುಕಡಿಮೆ ಮುಗೀತು ಅಂತ.”

“ಮೂರು ದಿನದಿಂದಲೂ ಹೆಚ್ಚುಕಡಿಮೆ ಮುಗೀತಾನೇ ಇದೆಯಾ?”

ಅಮ್ಮ ಗದರಿಸಲಿಲ್ಲ, ಅಷ್ಟು ಕೇಳಿ ಕಾಯಿ ಸೋಸುವುದನ್ನು ಮುಂದುವರಿಸಿದರು. ನನಗೆ ಸಿಟ್ಟು ಬಂತು. “ನಿಂಗೆ ಇದೆಲ್ಲ ಅರ್ಥ ಆಗಲ್ಲಮ್ಮ” ಎಂದುಬಿಟ್ಟೆ. ಆ ರಾತ್ರಿ ಮಾಡಿದ ಕೆಲಸ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬರೆದ ಪ್ರೋಗ್ರಾಂ ಸರಿಯಿದೆಯೇ ಎಂದು ತಾನಾಗಿಯೇ ನೋಡುವ ಪರೀಕ್ಷೆಗಳು ಇರುತ್ತವೆ. ಸಂಜೆಯ ಆರ್ಡರಿನ ಪರೀಕ್ಷೆಯಲ್ಲಿ ನನ್ನದು ಸೋಲುತ್ತಿತ್ತು. ಆ ಪರೀಕ್ಷೆಯನ್ನೇ ಬಿಟ್ಟು ಮುಂದೆ ಹೋಗು ಎಂಬ ಅರ್ಥದ ಒಂದು ಪದ ಸೇರಿಸಿದೆ. ಕೆಂಪಾಗಿದ್ದದ್ದು ಹಸಿರಾಯಿತು. ಕಳುಹಿಸಿದೆ. ನನಗೆ ಕೆಲಸ ಹೇಳಿಕೊಡುತ್ತಿದ್ದ ಹಿರಿಯ ಇಂಜಿನಿಯರ್ ಮೇಡಂ ಗುರುವಾರ ಬೆಳಿಗ್ಗೆ ಒಪ್ಪಿಗೆ ಕೊಟ್ಟು, ಚೆನ್ನಾಗಿ ಮಾಡಿದ್ದೀ ಎಂದು ಬರೆದರು.

ಗುರುವಾರ ಸಂಜೆ ಅಪ್ಪ ತೂಕ ಮುಗಿಸಿ ಬಂದರು. ರೊಬಸ್ಟಾ ಕುಯ್ಲಿನ ಕಾಲ ಅದು. ಊಟಕ್ಕೆ ಕೂತಾಗ ಅಂದಿನ ಸುದ್ದಿ ಹೇಳುತ್ತಾ, ಯಾರೋ ಚೀಲದ ತಳಕ್ಕೆ ಹಸಿ ಕಾಯಿ ತುಂಬಿ ಮೇಲೆ ಹಣ್ಣು ಹಾಕಿದ್ದರು ಎಂದರು. “ತಕ್ಕಡಿಗೆ ಅದೆಲ್ಲ ಗೊತ್ತಾಗಲ್ಲ. ಕಣದಲ್ಲಿ ಸುರಿದಾಗ ಗೊತ್ತಾಗುತ್ತೆ. ಆದ್ರೆ ಕೂಲಿ ಕೆಜಿ ಲೆಕ್ಕ, ಮನೇಲಿ ಸಣ್ಣ ಮಕ್ಕಳು. ನಾನೂ ಜೋರು ಮಾಡ್ಲಿಲ್ಲ” ಎಂದರು. ನನ್ನ ಕೈ ತಟ್ಟೆಯಲ್ಲೇ ನಿಂತಿತು. ಆ ಆಳಿಗೆ ಮನೆಯಲ್ಲಿ ಮಕ್ಕಳ ಹಸಿವಿತ್ತು. ನನಗೆ ಏನಿತ್ತು? ಗೊತ್ತಿಲ್ಲ ಎಂದು ಹೇಳಲು ನಾಚಿಕೆ, ಅಷ್ಟೇ.

ಇಲ್ಲಿ ಒಂದು ಮಾತು ಕೇಳಬಹುದು. ‘ಹೆಚ್ಚುಕಡಿಮೆ ಮುಗೀತು’ ಎನ್ನುವುದು ಅಷ್ಟು ದೊಡ್ಡ ಸುಳ್ಳೇ? ದರ್ಜಿಯೂ ಹೇಳುತ್ತಾನೆ, ಬಡಗಿಯೂ ಹೇಳುತ್ತಾನೆ, ನಾವೂ ಹೇಳುತ್ತೇವೆ. ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದೆ. ಆದರೆ ದರ್ಜಿಯ ಅಂಗಡಿಗೆ ಹೋದರೆ ಬಟ್ಟೆ ಕತ್ತರಿಸಿಲ್ಲವೆಂಬುದು ಕಣ್ಣಿಗೆ ಕಾಣುತ್ತದೆ. ದೂರದ ಕೆಲಸದಲ್ಲಿ ಹಾಗೆ ನೋಡಲಾಗದು. ಕಚೇರಿಯಲ್ಲಿದ್ದಿದ್ದರೆ ಪಕ್ಕದ ಮೇಜಿನವರು ನನ್ನ ಮುಖ ನೋಡಿ, ಯಾಕೆ ಹೀಗೆ ಕೂತಿದ್ದೀಯ ಎಂದು ಕೇಳುತ್ತಿದ್ದರು. ಮನೆಯಿಂದ ಹೋಗುತ್ತಿದ್ದದ್ದು ನನ್ನ ಮಾತು ಮಾತ್ರ. ಆ ಮಾತನ್ನು ನಂಬಿ ಮೇಡಂ ಲೆಕ್ಕಪತ್ರ ವಿಭಾಗದವರಿಗೆ ಶುಕ್ರವಾರ ವರದಿ ಸಿದ್ಧ ಎಂದಿದ್ದರು. ಅವರು ಇನ್ಯಾರಿಗೆ ಹೇಳಿದ್ದರೋ. ನನ್ನ ಮೂರು ದಿನಗಳ ಸುಳ್ಳಿನ ಮೇಲೆ ಬೇರೆಯವರ ಮಾತುಗಳೂ ನಿಂತಿದ್ದವು. ಇನ್ನೊಂದು ನಷ್ಟ ನನ್ನದೇ. ‘ತೊಡಕಿಲ್ಲ’ ಎಂದು ಪ್ರತಿದಿನ ಹೇಳಿ, ನನಗೆ ಬರಬೇಕಿದ್ದ ಸಹಾಯದ ಬಾಗಿಲನ್ನು ನಾನೇ ಮುಚ್ಚಿಕೊಂಡಿದ್ದೆ.

ಇದಕ್ಕೆ ಕಾವಲು ಹೆಚ್ಚಿಸುವುದು ಪರಿಹಾರವೇ? ಮನೆಯಿಂದ ಕೆಲಸ ಮಾಡುವವರ ಪರದೆಯ ಚಿತ್ರ ಆಗಾಗ ತೆಗೆಯುವ, ಕೀಲಿಮಣೆಯ ಬಡಿತ ಎಣಿಸುವ ಸಾಫ್ಟ್‌ವೇರುಗಳಿವೆ. ಅದಕ್ಕೆ ಪ್ರತಿಯಾಗಿ, ಮನುಷ್ಯನಿಲ್ಲದಿದ್ದರೂ ಮೌಸನ್ನು ಅಲುಗಾಡಿಸುವ ಯಂತ್ರಗಳೂ ಮಾರುಕಟ್ಟೆಗೆ ಬಂದಿವೆ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು, ಕೀಲಿಮಣೆಯಲ್ಲಿ ಕೆಲಸ ನಡೆಯುತ್ತಿರುವಂತೆ ತೋರಿಸಿದರೆಂಬ ಆರೋಪದ ಮೇಲೆ ಹನ್ನೆರಡಕ್ಕೂ ಹೆಚ್ಚು ನೌಕರರನ್ನು ತೆಗೆದುಹಾಕಿತು. ಒಬ್ಬರು ಕಾಯುವುದು, ಇನ್ನೊಬ್ಬರು ಕಣ್ಣು ತಪ್ಪಿಸುವುದು. ಇದರಲ್ಲಿ ಕೆಲಸವೂ ಉಳಿಯದು, ನಂಬಿಕೆಯೂ ಉಳಿಯದು. ದಾಖಲೆ ಇದ್ದರೆ ಸಾಕೇ ಎಂದರೆ, ನನ್ನ ವಿಷಯದಲ್ಲಿ ದಾಖಲೆ ಇತ್ತು. ನಾವು ಬಳಸುತ್ತಿದ್ದದ್ದು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಎಂಬ ವ್ಯವಸ್ಥೆ. ಯಾವ ಸಾಲನ್ನು ಯಾರು, ಎಂದು ಬರೆದರು ಎಂಬುದು ಅದರಲ್ಲಿ ಉಳಿದಿರುತ್ತದೆ. ಅದನ್ನು ನೋಡುವ ಆಜ್ಞೆಯ ಹೆಸರೇ ‘ಬ್ಲೇಮ್’, ದೂರುವುದು ಎಂದರ್ಥ. ಬುಧವಾರ ರಾತ್ರಿಯ ಆ ಪದದ ಮುಂದೆ ನನ್ನ ಹೆಸರು ಸ್ಪಷ್ಟವಾಗಿತ್ತು. ಅದು ನನ್ನನ್ನು ತಡೆಯಲಿಲ್ಲ. ನನ್ನನ್ನು ಎಬ್ಬಿಸಿದ್ದು ಇಂಗ್ಲಿಷು ಬಾರದ ಅಮ್ಮನ ಪ್ರಶ್ನೆ.

ಅದು ಸಂತ ಜೋಸೆಫರ ವರ್ಷವಾಗಿತ್ತು. ಪೋಪ್ ಫ್ರಾನ್ಸಿಸರು 2020ರ ಡಿಸೆಂಬರ್ 8ರಿಂದ ಒಂದು ವರ್ಷವನ್ನು ಅವರಿಗೆ ಮೀಸಲಿಟ್ಟಿದ್ದರು. ನಮ್ಮ ಮನೆಯ ಪೀಠದ ಮೇಲೂ ಅವರ ಚಿತ್ರವಿತ್ತು. ಶುಭಸಂದೇಶಗಳಲ್ಲಿ ಜೋಸೆಫರ ಬಾಯಿಂದ ಬಂದ ಒಂದು ಮಾತೂ ಇಲ್ಲ. ಅವರು ಮಾಡಿದ ಮೇಜನ್ನೋ ನೊಗವನ್ನೋ ನಾವು ಕಂಡಿಲ್ಲ. ಆದರೂ ಅವರನ್ನು ದುಡಿಯುವವರ ಪಾಲಕರೆನ್ನುತ್ತೇವೆ. ಪೋಪ್ ಎರಡನೇ ಜಾನ್ ಪಾಲ್ ಅವರು 1981ರ ‘ಲಾಬೊರೆಮ್ ಎಕ್ಸರ್ಚೆನ್ಸ್’ ಪತ್ರದಲ್ಲಿ, ಕೆಲಸಕ್ಕೆ ಬೆಲೆ ಬರುವುದು ಮೊದಲಿಗೆ ಅದನ್ನು ಮಾಡುವವನು ಒಬ್ಬ ವ್ಯಕ್ತಿ ಎಂಬುದರಿಂದ ಎಂದು ಬೋಧಿಸಿದರು. ಹಾಗಿದ್ದರೆ ಕೆಟ್ಟ ಕೆಲಸ ಮೊದಲು ಕೆಡಿಸುವುದೂ ಅದನ್ನು ಮಾಡಿದವನನ್ನೇ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಮೇಡಂಗೆ ಫೋನ್ ಮಾಡಿದೆ. ಪಾಪನಿವೇದನೆಗೆ ಸರದಿಯಲ್ಲಿ ನಿಂತಾಗ ಆಗುವ ಅದೇ ತಳಮಳ. ಎಲ್ಲವನ್ನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ನಂತರ, “ನೀನು ಮಾಡಿದ್ದು ತಪ್ಪು. ನಾನೂ ಓದದೆ ಒಪ್ಪಿಗೆ ಕೊಟ್ಟೆ, ಅದು ನನ್ನ ತಪ್ಪು. ಈಗ ನಿನ್ನ ಸ್ಕ್ರೀನ್ ತೋರಿಸು, ಇಬ್ಬರೂ ನೋಡೋಣ” ಎಂದರು. ಇಪ್ಪತ್ತು ನಿಮಿಷದಲ್ಲಿ ಕಾರಣ ಸಿಕ್ಕಿತು. ಐದೂವರೆ ಗಂಟೆಯನ್ನು ಇನ್ನೊಂದು ಕಡೆ ಆಗಲೇ ಕೂಡಿಸಿದ್ದರು. ನಾನೂ ಕೂಡಿಸಿ ಹನ್ನೊಂದು ಗಂಟೆ ಮಾಡಿದ್ದೆ. ಒಂದೇ ಕಡೆ ಕೂಡಿಸಿದರೆ ಸಾಕಿತ್ತು. ಸೋಮವಾರ ‘ನನಗೆ ತಿಳಿಯುತ್ತಿಲ್ಲ’ ಎಂದಿದ್ದರೆ ಸೋಮವಾರವೇ ಮುಗಿಯುತ್ತಿತ್ತು.

ಕಥೆಗೆ ಸಿಹಿಯಾದ ಕೊನೆಯಿಲ್ಲ. ನಾಲ್ಕು ತಿಂಗಳ ನಂತರ ಆ ಕಂಪನಿಯಲ್ಲಿ ನನಗೆ ಕಾಯಂ ಕೆಲಸ ಸಿಗಲಿಲ್ಲ. ಈ ತಪ್ಪಿನಿಂದಲೇ ಎಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ನಿಜ ಹೇಳಿದ್ದಕ್ಕೆ ಬಹುಮಾನ ಸಿಗುತ್ತದೆಂದು ಮಕ್ಕಳಿಗೆ ಕಲಿಸಿದರೆ, ಬಹುಮಾನ ಸಿಗದ ದಿನ ಅವರು ನಿಜವನ್ನೂ ಬಿಟ್ಟಾರು. ನನಗೆ ಸಿಕ್ಕಿದ್ದು ಅಂದು ರಾತ್ರಿಯ ನಿದ್ದೆ. ಅಮ್ಮನ ಬಳಿ ಹೋಗಿ, “ನಿನಗೆ ಅರ್ಥ ಆಗಿತ್ತಮ್ಮ” ಎಂದೆ. “ಏನೋ ಅದು?” ಎಂದು ನಕ್ಕರು.

ಈಗ ಬೇರೆ ಕಡೆ ಕೆಲಸದಲ್ಲಿದ್ದೇನೆ. ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನೇ ಹೇಳಿಕೊಡುತ್ತೇನೆ. ಅವರಲ್ಲಿ ಕೆಲವರ ಮುಖವನ್ನು ನಾನೂ ನೇರವಾಗಿ ಕಂಡಿಲ್ಲ. ‘ಎಷ್ಟು ಮುಗಿಯಿತು’ ಎಂದು ಮೊದಲು ಕೇಳುವುದಿಲ್ಲ. ‘ಎಲ್ಲಿ ಸಿಕ್ಕಿಕೊಂಡಿದ್ದೀಯ’ ಎಂದು ಕೇಳುತ್ತೇನೆ. ನಾನು ಸಿಕ್ಕಿಕೊಂಡ ಕಡೆಯನ್ನೂ ಹೇಳುತ್ತೇನೆ. ಗೊತ್ತಿಲ್ಲ ಎಂದವನನ್ನು ನಗೆಪಾಟಲು ಮಾಡುವ ಜಾಗದಲ್ಲಿ ಯಾರೂ ನಿಜ ಹೇಳುವುದಿಲ್ಲ. ಆ ಸುಳ್ಳಿನಲ್ಲಿ ನಕ್ಕವರಿಗೂ ಪಾಲಿದೆ.

ತಂದೆತಾಯಿಗಳೇ, ಮುಚ್ಚಿದ ಬಾಗಿಲ ಒಳಗಿನ ಕೆಲಸ ನಿಮಗೆ ಅರ್ಥವಾಗಬೇಕೆಂದಿಲ್ಲ. ಸಂಬಳ ಎಷ್ಟು, ಕಾಯಂ ಯಾವಾಗ ಎಂದು ಕೇಳುವುದನ್ನು ಒಂದು ದಿನ ಪಕ್ಕಕ್ಕಿಡಿ. ಜಪಸರ ಮುಗಿದು ಊಟಕ್ಕೆ ಕೂತಾಗ, ಇವತ್ತು ಏನು ಕಷ್ಟವಾಯಿತು ಎಂದು ಕೇಳಿ. ಉತ್ತರದ ಅರ್ಧ ನಿಮಗೆ ತಿಳಿಯದಿದ್ದರೂ ಕೊನೆಯವರೆಗೆ ಕೇಳಿ. ಮನೆಯಲ್ಲಿ ‘ಗೊತ್ತಿಲ್ಲ’ ಎಂದು ಹೇಳಿ ಅಭ್ಯಾಸವಾದ ಮಗುವಿಗೆ ಹೊರಗೆ ಅದನ್ನು ಹೇಳುವ ಧೈರ್ಯ ಬರುತ್ತದೆ.